ಅಣುಸ್ಥಾವರದ ನೆರೆಯ ಊರಿಗೆ ತುರ್ತು ಆದೇಶ ಬಂದರೆ: ಸರ್ಕಾರದ ಅಧಿಕಾರ ಎಲ್ಲಿಯವರೆಗೆ?

ಪ್ರಶ್ನೆ: ನಮ್ಮ ಮನೆ ಕೈಗಾ ಅಣು ವಿದ್ಯುತ್ ಸ್ಥಾವರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿದೆ. ಮನೆಯಲ್ಲಿ ಎಂಬತ್ತು ದಾಟಿದ ತಾಯಿ ಇದ್ದಾರೆ, ಅವರು ಹಾಸಿಗೆ ಹಿಡಿದು ಎರಡು ವರ್ಷವಾಯಿತು. ಕೊಟ್ಟಿಗೆಯಲ್ಲಿ ನಾಲ್ಕು ದನಗಳಿವೆ, ಹಾಲನ್ನು ಡೇರಿಗೆ ಹಾಕುತ್ತೇವೆ. ನನ್ನದೊಂದು ಟೆಂಪೊ ಇದೆ, ಅದರ ಬಾಡಿಗೆಯೇ ನಮ್ಮ ಮುಖ್ಯ ಆದಾಯ. ಈಚೆಗೆ ನಡೆದ ಅಣಕು ಕಾರ್ಯಾಚರಣೆಯಲ್ಲಿ ಅಧಿಕಾರಿಯೊಬ್ಬರು, ‘ಆದೇಶ ಬಂದರೆ ಹೊರಡಲೇಬೇಕು, ಬೇಕಾದರೆ ವಾಹನವನ್ನೂ ತೆಗೆದುಕೊಳ್ಳುತ್ತೇವೆ’ ಎಂದರು. ಹೀಗೆ ಬಲವಂತ ಮಾಡಲು ಸರ್ಕಾರಕ್ಕೆ ನಿಜವಾಗಿ ಅಧಿಕಾರ ಇದೆಯೇ? ಇದು 1975ರ ತುರ್ತು ಪರಿಸ್ಥಿತಿಯಂಥದ್ದೇ? ತಾಯಿ, ದನ, ಹಾಲು, ಟೆಂಪೊ ಇವುಗಳ ಗತಿ ಏನು? ಒಮ್ಮೆ ಹೊರಟರೆ ವಾಪಸು ಬರುವುದು ಯಾವಾಗ?

ಉತ್ತರ: ಅಧಿಕಾರ ಇದೆ. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ. ಆದರೆ ಆ ಅಧಿಕಾರಿ ಹೇಳಿದ ಒಂದು ಸಾಲಿನಲ್ಲಿ ಮುಗಿಯುವ ಸಂಗತಿ ಇದಲ್ಲ. ವಿಕಿರಣದ ಅಪಾಯ ಎದುರಾದಾಗ ಸರ್ಕಾರ ಏನೇನು ಮಾಡಬಹುದು ಎನ್ನುವುದರ ಜೊತೆಗೇ ಏನನ್ನು ಬರವಣಿಗೆಯಲ್ಲಿ ಕೊಡಬೇಕು, ಯಾವುದಕ್ಕೆ ಹಣ ತೆರಬೇಕು, ನಿಮ್ಮ ಯಾವ ನಿರಾಕರಣೆ ಅಪರಾಧವಾಗುವುದಿಲ್ಲ ಎನ್ನುವುದೂ ಕಾನೂನಿನಲ್ಲಿ ಬರೆದಿದೆ. ಅಣಕು ಕಾರ್ಯಾಚರಣೆಗಳಲ್ಲಿ ಜನರಿಗೆ ಮೊದಲನೆಯ ಭಾಗವನ್ನು ಮಾತ್ರ ಹೇಳಿ ಕಳುಹಿಸುವುದನ್ನು ನಾನು ಹಲವು ಬಾರಿ ನೋಡಿದ್ದೇನೆ. ಅದು ತಪ್ಪು ಎಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ತನ್ನ ದನಕ್ಕೆ, ತಾಯಿಗೆ, ಗಾಡಿಗೆ ಏನಾಗುತ್ತದೆಂದು ತಿಳಿಯದವರು ಆದೇಶ ಬಂದ ದಿನ ಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತಾರೆ.

ಮೊದಲು 1975ರ ಮಾತನ್ನು ಪಕ್ಕಕ್ಕಿಡೋಣ. ಸಂವಿಧಾನದ 352ನೇ ವಿಧಿಯ ತುರ್ತು ಪರಿಸ್ಥಿತಿಯನ್ನು ಯುದ್ಧ, ಹೊರಗಿನ ಆಕ್ರಮಣ ಅಥವಾ ಸಶಸ್ತ್ರ ಬಂಡಾಯ ಈ ಮೂರು ಕಾರಣಗಳಿಗೆ ಮಾತ್ರ ಘೋಷಿಸಬಹುದು. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಕಾರಣವನ್ನು 1978ರ 44ನೇ ತಿದ್ದುಪಡಿ ತೆಗೆದುಹಾಕಿತು. ವಿಕಿರಣ ಸೋರಿಕೆ ಈ ಮೂರರಲ್ಲಿ ಯಾವುದೂ ಅಲ್ಲ. ಆದ್ದರಿಂದ ಅಂಥ ದಿನದಲ್ಲೂ ನಿಮ್ಮ ಮೂಲಭೂತ ಹಕ್ಕುಗಳು ಜಾರಿಯಲ್ಲೇ ಇರುತ್ತವೆ, ನ್ಯಾಯಾಲಯಗಳು ತೆರೆದೇ ಇರುತ್ತವೆ. ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ ಹಕ್ಕಿಗೆ ಸಾರ್ವಜನಿಕ ಹಿತಕ್ಕಾಗಿ ‘ಸಮಂಜಸ ನಿರ್ಬಂಧ’ ಹೇರಲು 19ನೇ ವಿಧಿಯೇ ಅವಕಾಶ ಕೊಡುತ್ತದೆ. ನಿಮ್ಮ ಊರಿನ ರಸ್ತೆಗೆ ಅಡ್ಡಗಟ್ಟೆ ಹಾಕುವ ಅಧಿಕಾರ ಹುಟ್ಟುವುದು ಅಲ್ಲಿಂದ. ‘ಸಮಂಜಸ’ ಎಂಬ ಪದ ಅಲ್ಲಿ ಅಲಂಕಾರಕ್ಕೆ ಕುಳಿತಿಲ್ಲ, ಆದೇಶವೊಂದು ಆ ಅಳತೆಗೆ ಹೊಂದುತ್ತದೆಯೇ ಎಂದು ನ್ಯಾಯಾಲಯ ಕೇಳಬಹುದು.

ಅಣುಶಕ್ತಿಗೆ ಸಂಬಂಧಿಸಿದ ಕಾನೂನುಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಆರು ದಶಕಗಳ ಕಾಲ ಈ ಕ್ಷೇತ್ರ ನಡೆದದ್ದು 1962ರ ಅಣುಶಕ್ತಿ ಕಾಯ್ದೆಯ ಅಡಿಯಲ್ಲಿ. ಪರಿಹಾರದ ಹೊಣೆಗಾಗಿ 2010ರ ಕಾಯ್ದೆ ಬಂತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ, ‘ಶಾಂತಿ’ ಎಂಬ ಹ್ರಸ್ವ ಹೆಸರಿನ ಕಾಯ್ದೆ ಇವೆರಡರ ಜಾಗಕ್ಕೂ ಬರುವಂತೆ ರೂಪುಗೊಂಡಿದ್ದು, 1983ರಿಂದ ಸರ್ಕಾರದ ಆದೇಶವೊಂದರ ಬಲದಲ್ಲಿ ಕೆಲಸ ಮಾಡುತ್ತಿದ್ದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿದೆ. ಸ್ಥಾವರ ಹೇಗೆ ನಡೆಯಬೇಕು, ಯಾವಾಗ ನಿಲ್ಲಬೇಕು, ಪರವಾನಗಿ ಯಾರಿಗೆ ಎಂಬುದೆಲ್ಲ ಈ ಸಾಲಿನ ಕಾನೂನುಗಳಿಗೆ ಸೇರಿದ್ದು. ನಿಮ್ಮ ಮನೆಯ ಬಾಗಿಲಿಗೆ ಬಂದು ‘ಹೊರಡಿ’ ಎನ್ನುವ ಅಧಿಕಾರ ಮಾತ್ರ ಮುಖ್ಯವಾಗಿ ಬೇರೆ ಕಡೆಯಿಂದ, ಅಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದ ಬರುತ್ತದೆ. ಪ್ರವಾಹಕ್ಕೂ ಅದೇ ಕಾಯ್ದೆ, ಭೂಕುಸಿತಕ್ಕೂ ಅದೇ ಕಾಯ್ದೆ. 2020ರ ಮಾರ್ಚ್ 24ರಂದು ಇಡೀ ದೇಶಕ್ಕೆ ಲಾಕ್‌ಡೌನ್ ಹೇರಿದ್ದೂ ಅದರ ಬಲದಲ್ಲೇ. ವಿಪತ್ತು ಎಂದರೆ ಪ್ರಕೃತಿಯಿಂದ ಅಥವಾ ಮನುಷ್ಯನಿಂದ ಉಂಟಾದ ಅನಾಹುತ ಎಂದು ಆ ಕಾಯ್ದೆ ವ್ಯಾಖ್ಯಾನಿಸಿರುವುದರಿಂದ ವಿಕಿರಣವೂ ಅದರೊಳಗೆ ಬರುತ್ತದೆ.

ಅದಕ್ಕೆ ಅಣುಸ್ಥಾವರವೇ ಇರಬೇಕೆಂದೂ ಇಲ್ಲ. 2010ರಲ್ಲಿ ದೆಹಲಿಯ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಿಂದ ಹರಾಜಾದ ಹಳೆಯ ಯಂತ್ರದೊಳಗಿನ ಕೋಬಾಲ್ಟ್-60 ಎಂಬ ವಿಕಿರಣಶೀಲ ಲೋಹ ಮಾಯಾಪುರಿಯ ಗುಜರಿ ಅಂಗಡಿಗಳಿಗೆ ತಲುಪಿ, ಅದನ್ನು ಬಿಚ್ಚಿದವರಲ್ಲಿ ಒಬ್ಬ ಸತ್ತು ಹಲವರು ಆಸ್ಪತ್ರೆ ಸೇರಿದರು. ಅಣುಸ್ಥಾವರದ ಗಂಧವೂ ಇಲ್ಲದ ಆ ಗಲ್ಲಿಗಳನ್ನು ಸುತ್ತುವರಿದು, ಅಂಗಡಿಗಳಲ್ಲಿ ಅಳತೆಯ ಉಪಕರಣ ಹಿಡಿದು ಹುಡುಕಬೇಕಾಯಿತು.

ಇನ್ನು ನಿಮ್ಮ ಕಡೆಗೆ ಬರೋಣ. ಸ್ಥಾವರದ ತುರ್ತು ಸ್ಥಿತಿಯಲ್ಲಿ ಮೂರು ಹಂತಗಳಿವೆ. ತೊಂದರೆ ಒಂದು ಘಟಕದೊಳಗೆ ಉಳಿದರೆ ಅದು ಮೊದಲ ಹಂತ, ಸ್ಥಾವರದ ಆವರಣವನ್ನು ವ್ಯಾಪಿಸಿದರೆ ಎರಡನೆಯದು, ಬೇಲಿಯ ಹೊರಗಿನ ಜನರಿಗೆ ತಟ್ಟುವ ಸಂಭವವಿದ್ದರೆ ಮೂರನೆಯದು. ಮೊದಲ ಎರಡನ್ನು ಸ್ಥಾವರದ ಆಡಳಿತವೇ ಘೋಷಿಸಿ ನಿಭಾಯಿಸುತ್ತದೆ. 2009ರ ನವೆಂಬರ್‌ನಲ್ಲಿ ಕೈಗಾದ ಒಂದು ಕುಡಿಯುವ ನೀರಿನ ಕೂಲರ್‌ಗೆ ಟ್ರೀಷಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ದೇಹದಲ್ಲಿ ಅದರ ಪ್ರಮಾಣ ಏರಿದಾಗ ಸುದ್ದಿ ದೇಶವೆಲ್ಲ ಹರಡಿತು, ಆದರೆ ಅದು ಬೇಲಿಯೊಳಗಿನ ಘಟನೆಯಾಗಿದ್ದರಿಂದ ಸುತ್ತಲಿನ ಊರುಗಳಿಗೆ ಆದೇಶ ಹೊರಡಿಸುವ ಸಂದರ್ಭ ಬರಲಿಲ್ಲ. ಮೂರನೆಯ ಹಂತದಲ್ಲಿ ಮಾತ್ರ ಅಧಿಕಾರ ಸ್ಥಾವರದ ಕೈಯಿಂದ ಜಿಲ್ಲಾಧಿಕಾರಿಯ ಕೈಗೆ ಬರುತ್ತದೆ. ಸ್ಥಾವರದ ಮುಖ್ಯಸ್ಥರು ಮಾಹಿತಿ ಮತ್ತು ಸಲಹೆ ಕೊಡುತ್ತಾರೆ, ಆದೇಶ ಜಿಲ್ಲಾಧಿಕಾರಿಯದು. ಸ್ಥಾವರದ ಸುತ್ತ 16 ಕಿಲೋಮೀಟರ್ ವ್ಯಾಪ್ತಿಯನ್ನು ಇದಕ್ಕಾಗಿಯೇ ಯೋಜನಾ ವಲಯವೆಂದು ಗುರುತಿಸಲಾಗುತ್ತದೆ. ನಿಮ್ಮ ಮನೆ ಅದರೊಳಗಿದೆ. ಅಣಕು ಕಾರ್ಯಾಚರಣೆ ನಿಮ್ಮ ಊರಿಗೆ ಬಂದದ್ದು ಆ ಕಾರಣಕ್ಕೆ.

ಜಿಲ್ಲಾಧಿಕಾರಿಗೆ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಂ ಕೊಡುವ ಅಧಿಕಾರಗಳನ್ನು ಗಮನವಿಟ್ಟು ಓದಬೇಕು. ಅಪಾಯದ ಪ್ರದೇಶಕ್ಕೆ ಹೋಗುವ, ಅಲ್ಲಿಂದ ಬರುವ, ಅದರೊಳಗೆ ಓಡಾಡುವ ವಾಹನಗಳನ್ನು ತಡೆಯಬಹುದು. ಅಂಥ ಪ್ರದೇಶಕ್ಕೆ ಜನ ಒಳಬರುವುದನ್ನು, ಒಳಗೆ ಸಂಚರಿಸುವುದನ್ನು, ಅಲ್ಲಿಂದ ಹೊರಡುವುದನ್ನು ನಿಯಂತ್ರಿಸಬಹುದು. ‘ಹೊರಡುವುದನ್ನು’ ಎಂಬ ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ. ಸರ್ಕಾರ ನಮ್ಮನ್ನು ಹೊರಗೆ ಅಟ್ಟುತ್ತದೆ ಎಂಬ ಭಯವೇ ಎಲ್ಲರಿಗೂ ಇರುತ್ತದೆ, ಆದರೆ ವಿಕಿರಣದ ಸಂದರ್ಭದಲ್ಲಿ ಮೊದಲು ಬರುವ ಆದೇಶ ಬಹುಮಟ್ಟಿಗೆ ಅದಕ್ಕೆ ತದ್ವಿರುದ್ಧವಾಗಿರುತ್ತದೆ: ಮನೆಯೊಳಗೆ ಹೋಗಿ, ಬಾಗಿಲು ಕಿಟಕಿ ಮುಚ್ಚಿಕೊಳ್ಳಿ, ಹೊರಗೆ ಬರಬೇಡಿ. ಸೋರಿದ ಅನಿಲ ಮತ್ತು ಕಣಗಳು ಗಾಳಿಯ ಜೊತೆ ಊರಿನ ಮೇಲೆ ಹಾದುಹೋಗುವ ಕೆಲವು ಗಂಟೆಗಳಲ್ಲಿ, ಘಟ್ಟದ ತಿರುವಿನ ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಬಸ್ಸಿನೊಳಗೆ ಇರುವುದಕ್ಕಿಂತ ಮುಚ್ಚಿದ ಕೋಣೆಯೊಳಗಿರುವುದು ಎಷ್ಟೋ ಮೇಲು. ತಾರಸಿ ಮನೆ ಕೊಡುವಷ್ಟು ರಕ್ಷಣೆಯನ್ನು ಹೆಂಚಿನ ಮನೆ ಕೊಡದು. ಆದ್ದರಿಂದ ಊರಿನ ಶಾಲೆಯನ್ನೋ ಸಭಾಭವನವನ್ನೋ ಆಶ್ರಯಕ್ಕೆ ವಶಪಡಿಸಿಕೊಳ್ಳಬೇಕಾಗಬಹುದು, ಅದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

ಕೆಲವು ವರ್ಷಗಳ ಹಿಂದೆ ಸ್ಥಾವರವೊಂದರ ಸಮೀಪದ ಹಳ್ಳಿಯ ಶಾಲೆಯಲ್ಲಿ ಇಂಥ ಅಣಕು ಕಾರ್ಯಾಚರಣೆಯನ್ನು ವೀಕ್ಷಕನಾಗಿ ನೋಡಿದ್ದೆ. ಸೈರನ್ ಆದ ಕೂಡಲೇ ಮಕ್ಕಳನ್ನೆಲ್ಲ ಒಂದೇ ದೊಡ್ಡ ಕೋಣೆಗೆ ಸೇರಿಸಿ, ಕಿಟಕಿ ಹಾಕಿ, ಬಾಗಿಲ ಸಂದಿಗೆ ಒದ್ದೆ ಗೋಣಿಚೀಲ ತುರುಕಿದರು. ಗಾಜು ಒಡೆದ ಒಂದು ಕಿಟಕಿಗೆ ಗೋಡೆಯ ಮೇಲಿದ್ದ ಭೂಪಟವನ್ನೇ ತೆಗೆದು ಅಂಟಿಸಿದರು. ಎಲ್ಲವೂ ಚುರುಕಾಗಿ ನಡೆಯಿತು. ಅರ್ಧ ಗಂಟೆಯ ಮೇಲೆ ಅಡುಗೆಯ ಅಮ್ಮ ಬಾಗಿಲ ಆಚೆಯಿಂದ ಕೂಗಿ ಕೇಳಿದರು, ‘ಬಿಸಿಯೂಟ ಆಗಿದೆ ಸರ್, ಅಡುಗೆಮನೆ ಅಂಗಳದ ಆಚೆ ಇದೆ, ಅನ್ನ ತರಬಹುದಾ?’ ಅಲ್ಲಿದ್ದ ಯಾವ ಅಧಿಕಾರಿಯ ಕೈಪಿಡಿಯಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಉತ್ತರ ಸರಳವಾದದ್ದೇ: ಮುಚ್ಚಿದ ಪಾತ್ರೆಯೊಳಗಿನ ಅನ್ನಕ್ಕೆ ತೊಂದರೆಯಿಲ್ಲ, ಆದರೆ ಅದನ್ನು ತರಲು ಅಂಗಳ ದಾಟುವವರು ಬಾಯಿ ಮೂಗು ಮುಚ್ಚಿಕೊಂಡಿರಬೇಕು, ಒಳಗೆ ಬರುವ ಮುನ್ನ ಚಪ್ಪಲಿ ಮತ್ತು ಮೇಲುಬಟ್ಟೆಯನ್ನು ಹೊರಗೇ ಬಿಡಬೇಕು, ಪಾತ್ರೆಯ ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಆದೇಶ ಹೊರಡಿಸುವವರಿಗೆ ಅಡುಗೆಮನೆ ಎಲ್ಲಿದೆ ಎಂಬುದೂ ಗೊತ್ತಿರಬೇಕು ಎಂದು ನನಗೆ ಅಂದು ಗಟ್ಟಿಯಾಗಿ ಅನ್ನಿಸಿತು.

ಎರಡನೆಯ ಆದೇಶ ಅಯೋಡಿನ್ ಮಾತ್ರೆಯದು. ಸೋರಿಕೆಯಲ್ಲಿ ವಿಕಿರಣಶೀಲ ಅಯೋಡಿನ್-131 ಇದ್ದರೆ ಅದು ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೆ ಮುಂಚೆಯೇ ಸಾಧಾರಣ ಅಯೋಡಿನ್ನಿನಿಂದ ಗ್ರಂಥಿಯನ್ನು ತುಂಬಿಸುವುದು ಈ ಮಾತ್ರೆಯ ಕೆಲಸ. ಸೋರಿಕೆಗೆ ಸ್ವಲ್ಪ ಮುಂಚೆ ಅಥವಾ ಅದಾದ ಕೆಲವೇ ಗಂಟೆಗಳಲ್ಲಿ ತೆಗೆದುಕೊಂಡರೆ ಮಾತ್ರ ಪ್ರಯೋಜನ. ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲು. ನಿಮ್ಮ ತಾಯಿಯವರ ವಯಸ್ಸಿನಲ್ಲಿ ಅದರಿಂದ ಸಿಗುವ ಲಾಭ ಬಹಳ ಕಡಿಮೆ. ಅಡುಗೆಯ ಅಯೋಡಿನ್ ಉಪ್ಪನ್ನು ಹೆಚ್ಚು ತಿಂದರೆ ಈ ರಕ್ಷಣೆ ಸಿಗುವುದಿಲ್ಲ, ರಕ್ತದೊತ್ತಡವಷ್ಟೇ ಏರುತ್ತದೆ.

ಮೂರನೆಯದು ಸ್ಥಳಾಂತರ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಾನದಂಡದಂತೆ, ಏನೂ ಮಾಡದಿದ್ದರೆ ಮೊದಲ ಏಳು ದಿನಗಳಲ್ಲಿ ಜನರಿಗೆ 100 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ) ತಗಲಬಹುದು ಎನ್ನುವಂತಿದ್ದರೆ ತುರ್ತು ರಕ್ಷಣಾ ಕ್ರಮ ಬೇಕು. ಹೋಲಿಕೆಗೆ ಹೇಳುವುದಾದರೆ, ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜವಾಗಿಯೇ ತಗಲುತ್ತದೆ. ಈ ಅಂಕಿಗಳನ್ನು ಕೊಡುವುದಕ್ಕೆ ಕಾರಣವಿದೆ. ವಿಕಿರಣದ ವಿಷಯದಲ್ಲಿ ಸರ್ಕಾರದ ಅಧಿಕಾರಕ್ಕೆ ಅಳತೆಗೋಲೊಂದಿದೆ, ಪ್ರವಾಹದ ಮಟ್ಟದಂತೆ ಅದನ್ನು ಅಳೆಯಬಹುದು, ಫಲಕಕ್ಕೆ ಬರೆದು ತೂಗುಹಾಕಬಹುದು. ಒಂದು ಊರನ್ನು ಖಾಲಿ ಮಾಡಿಸುವಾಗ ‘ಎಷ್ಟು ವಿಕಿರಣವನ್ನು ತಪ್ಪಿಸಲು?’ ಎಂದು ಕೇಳುವುದು ಉದ್ಧಟತನವಲ್ಲ, ಆದೇಶದ ಸಮಂಜಸತೆ ನಿಂತಿರುವುದೇ ಆ ಉತ್ತರದ ಮೇಲೆ. 2005ರ ಕಾಯ್ದೆಯಲ್ಲಿ ಈ ಅಳತೆಯ ಪ್ರಸ್ತಾಪವಿಲ್ಲ, ಅದು ಮಾರ್ಗಸೂಚಿಗಳಲ್ಲಿ ಮಾತ್ರ ಉಳಿದಿದೆ. ಇದನ್ನು ನಾನೊಂದು ಕೊರತೆಯೆಂದೇ ಪರಿಗಣಿಸುತ್ತೇನೆ.

ಸ್ಥಳಾಂತರವೂ ಜನರನ್ನು ಕೊಲ್ಲಬಲ್ಲದು ಎಂಬುದನ್ನು ಜಗತ್ತು ಕಲಿತದ್ದು ಜಪಾನಿನ ಫುಕುಶಿಮಾದಲ್ಲಿ. ನಿಮ್ಮ ತಾಯಿಯವರ ಪ್ರಶ್ನೆಗೆ ಉತ್ತರ ಅಲ್ಲಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಭೂಕಂಪ, ಅದರ ಹಿಂದೆ ಸುನಾಮಿ. ಸಂಜೆ ಏಳರ ಹೊತ್ತಿಗೆ ಅಣು ತುರ್ತು ಸ್ಥಿತಿಯ ಘೋಷಣೆ. ಟೊಕಾಯ್‌ಮುರಾ ಎಂಬಲ್ಲಿ 1999ರಲ್ಲಿ ನಡೆದ ಅಪಘಾತದ ನಂತರ ಜಪಾನ್ ಮಾಡಿಕೊಂಡಿದ್ದ ವಿಶೇಷ ಕಾನೂನಿನಂತೆ ಪ್ರಧಾನಿಯಿಂದಲೇ ಆದೇಶಗಳು ಹೊರಟವು. ರಾತ್ರಿ 9.23ಕ್ಕೆ 3 ಕಿಲೋಮೀಟರ್ ಒಳಗಿನವರು ಹೊರಡಬೇಕು, 10 ಕಿಲೋಮೀಟರ್‌ವರೆಗಿನವರು ಮನೆಯೊಳಗಿರಬೇಕು ಎಂಬ ಆದೇಶ. ಮರುದಿನ ಬೆಳಿಗ್ಗೆ 5.44ಕ್ಕೆ 10 ಕಿಲೋಮೀಟರ್ ಒಳಗಿನವರೂ ಹೊರಡಬೇಕಾಯಿತು. ಮಧ್ಯಾಹ್ನ ಒಂದನೇ ಘಟಕದಲ್ಲಿ ಹೈಡ್ರೋಜನ್ ಸ್ಫೋಟಗೊಂಡ ಮೇಲೆ ಸಂಜೆ 6.25ಕ್ಕೆ ಅದು 20 ಕಿಲೋಮೀಟರ್‌ಗೆ ಏರಿತು. ಒಂದೇ ದಿನದೊಳಗೆ ವೃತ್ತ ಎರಡು ಬಾರಿ ಹಿಗ್ಗಿತು, ಒಮ್ಮೆ ಗಂಟುಮೂಟೆ ಬಿಚ್ಚಿದವರು ಮತ್ತೆ ಕಟ್ಟಿದರು.

ನಾಮಿಯೆ ಪಟ್ಟಣದ ಸಾವಿರಾರು ಜನ ವಾಯವ್ಯದ ತ್ಸುಶಿಮಾ ಎಂಬ ಬೆಟ್ಟದ ಊರಿಗೆ ಹೋಗಿ ತಂಗಿದರು. ಗಾಳಿ ಮತ್ತು ಮಳೆ ವಿಕಿರಣವನ್ನು ಹೆಚ್ಚಾಗಿ ಹೊತ್ತು ತಂದದ್ದು ಅದೇ ದಿಕ್ಕಿಗೆ. ಗಾಳಿಯ ಜಾಡನ್ನು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆ ಸರ್ಕಾರದ ಬಳಿ ಇತ್ತು. ಅದರ ಫಲಿತಾಂಶ ಆ ಜನರಿಗೆ ಸಕಾಲದಲ್ಲಿ ತಲುಪಲಿಲ್ಲ, ಸಾರ್ವಜನಿಕವಾಗಿ ಮೊದಲು ಹೊರಬಂದದ್ದು ಮಾರ್ಚ್ 23ಕ್ಕೆ. ಸ್ಥಾವರದಿಂದ ಐದು ಕಿಲೋಮೀಟರ್‌ಗೂ ಹತ್ತಿರವಿದ್ದ ಒಂದು ಆಸ್ಪತ್ರೆಯ ಮತ್ತು ಅದರ ಜೊತೆಗಿದ್ದ ವೃದ್ಧರ ಆರೈಕೆ ಕೇಂದ್ರದ ಹಾಸಿಗೆ ಹಿಡಿದ ರೋಗಿಗಳ ಕಥೆ ಇನ್ನೂ ದಾರುಣ. ಅವರಲ್ಲಿ ಒಂದು ತಂಡವನ್ನು ಬಸ್ಸಿನಲ್ಲಿ ಕೂರಿಸಿ ಸುಮಾರು 230 ಕಿಲೋಮೀಟರ್, ಹತ್ತು ಗಂಟೆಗಳ ಕಾಲ ಸುತ್ತುದಾರಿಯಲ್ಲಿ ಸಾಗಿಸಿ ಕೊನೆಗೆ ಒಂದು ಶಾಲೆಯ ವ್ಯಾಯಾಮ ಮಂದಿರದಲ್ಲಿ ಇಳಿಸಲಾಯಿತು. ಆ ಎರಡು ಕಡೆಗಳ ಸುಮಾರು 50 ಮಂದಿ ಆ ತಿಂಗಳು ಮುಗಿಯುವಷ್ಟರಲ್ಲಿ ತೀರಿಕೊಂಡರು. ವಿಕಿರಣದ ತೀವ್ರ ಹೊಡೆತಕ್ಕೆ ಸಾರ್ವಜನಿಕರಲ್ಲಿ ಒಬ್ಬರೂ ಸಾಯದ ಆ ದುರಂತದಲ್ಲಿ, ಮನೆಮಠ ಬಿಟ್ಟ ಬಳಲಿಕೆ, ತಪ್ಪಿದ ಔಷಧ, ಚಳಿ ಮತ್ತು ಕೊರಗಿನಿಂದಾದ ಸಾವುಗಳು ಫುಕುಶಿಮಾ ಪ್ರಾಂತ್ಯವೊಂದರಲ್ಲೇ 2,300 ದಾಟಿದವು.

ಆದ್ದರಿಂದ ತಾಯಿಯವರ ಬಗ್ಗೆ ನನ್ನ ಉತ್ತರ ಹೀಗಿದೆ. ಆದೇಶವನ್ನು ಪಾಲಿಸಲು ನಿರಾಕರಿಸುವುದಕ್ಕೆ ವಿಪತ್ತು ಕಾಯ್ದೆಯ 51ನೇ ಕಲಂ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ನಿರಾಕರಣೆಯಿಂದ ಜೀವಹಾನಿಯಾದರೆ ಅಥವಾ ಜೀವಕ್ಕೆ ಸಂಚಕಾರ ಬಂದರೆ ಸೆರೆವಾಸ ಎರಡು ವರ್ಷದವರೆಗೆ ಏರಬಹುದು. ಆದರೆ ಆ ಕಲಮಿನ ಆರಂಭದಲ್ಲೇ ‘ಸಕಾರಣವಿಲ್ಲದೆ’ ಎಂಬ ಮಾತಿದೆ. ಹಾಸಿಗೆ ಹಿಡಿದವರನ್ನು ಸೀಟಿನ ಬಸ್ಸಿಗೆ ಹತ್ತಿಸಲು ಒಪ್ಪದೆ, ಮಲಗಿಸಿ ಕರೆದೊಯ್ಯುವ ಆಂಬುಲೆನ್ಸ್ ಬರುವವರೆಗೆ ಮುಚ್ಚಿದ ಕೋಣೆಯಲ್ಲಿ ಕಾಯುತ್ತೇವೆ ಎನ್ನುವುದು, ನನ್ನ ತಿಳಿವಳಿಕೆಯಲ್ಲಿ, ಸಕಾರಣವೇ ಹೌದು. ‘ಹುಟ್ಟಿದ ಮನೆ ಬಿಡಲಾರೆ’ ಎಂಬುದು ಎಷ್ಟೇ ಮನ ಕಲಕಿದರೂ ಕಾನೂನಿನ ಕಣ್ಣಿಗೆ ಅಷ್ಟು ಬಲವಾದ ಕಾರಣವಾಗಲಾರದು. ಒಬ್ಬರು ಉಳಿದರೆ ಅವರನ್ನು ಕರೆತರಲು ರಕ್ಷಣಾ ಸಿಬ್ಬಂದಿ ವಿಕಿರಣದೊಳಗೆ ಹೋಗಬೇಕಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಇನ್ನು ಪೊಲೀಸರು ಕೈಹಿಡಿದು ಎಬ್ಬಿಸಿ ಒಯ್ಯಬಹುದೇ? 34ನೇ ಕಲಮಿನಲ್ಲಿ ‘ಬಲವಂತವಾಗಿ ಮನೆಯಿಂದ ಹೊರಹಾಕಬಹುದು’ ಎಂಬ ನೇರ ಮಾತಿಲ್ಲ. ಪ್ರವೇಶ, ಸಂಚಾರ, ನಿರ್ಗಮನಗಳ ನಿಯಂತ್ರಣದ ಮಾತಿದೆ ಮತ್ತು ಅಗತ್ಯವಾದ ಇತರ ಕ್ರಮಗಳಿಗೆ ಅವಕಾಶವಿದೆ. ಇದರ ಜೊತೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಅಂದರೆ ನಾವೆಲ್ಲ 144 ಎಂದು ಕರೆದು ರೂಢಿಯಾದ ಆದೇಶ, ಜನರ ಜೀವ ಮತ್ತು ಆರೋಗ್ಯಕ್ಕೆ ಒದಗಿದ ಅಪಾಯ ತಡೆಯಲು ಜಿಲ್ಲಾ ದಂಡಾಧಿಕಾರಿಗೆ ಲಭ್ಯವಿದೆ. ಇವೆರಡನ್ನೂ ಸೇರಿಸಿ ಅಧಿಕಾರಿಗಳು ಜನರನ್ನು ಎಬ್ಬಿಸಿ ಕಳುಹಿಸಿದರೆ ಆ ಕ್ಷಣದಲ್ಲಿ ಯಾವ ನ್ಯಾಯಾಲಯವೂ ತಡೆಯುವ ಸಂಭವ ಕಡಿಮೆ. ಆದರೂ ಬಲಪ್ರಯೋಗ ಕೊನೆಯ ಹೆಜ್ಜೆ. ಬಸ್ಸು ಯಾವಾಗ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಮನೆಗೆ ಕಾವಲು ಯಾರು ಎಂದು ಹೇಳಿದರೆ ಬಹುಪಾಲು ಜನ ತಾವಾಗಿಯೇ ಹೊರಡುತ್ತಾರೆ.

ಟೆಂಪೊ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ರಕ್ಷಣಾ ಕಾರ್ಯಕ್ಕೆ ಬೇಕೆನಿಸಿದ ವಾಹನವನ್ನು, ಕಟ್ಟಡವನ್ನು, ಸಾಮಗ್ರಿಯನ್ನು ವಿಪತ್ತು ಕಾಯ್ದೆಯ 65ನೇ ಕಲಮಿನ ಅಡಿಯಲ್ಲಿ ವಶಕ್ಕೆ ತೆಗೆದುಕೊಳ್ಳಬಹುದು, ಆದರೆ ಲಿಖಿತ ಆದೇಶದ ಮೂಲಕ. ಬಾಯಿಮಾತಿಗೆ ಕೀಲಿ ಕೊಡಬೇಕಾಗಿಲ್ಲ ಎಂದು ಜಗಳವಾಡಿ ಎಂದು ನಾನು ಹೇಳುತ್ತಿಲ್ಲ. ಅವಸರದಲ್ಲಿ ಒಂದು ಚೀಟಿಯಾದರೂ ಸರಿ, ಅಧಿಕಾರಿಯ ಹೆಸರು, ಹುದ್ದೆ, ದಿನಾಂಕ, ಗಂಟೆ, ಗಾಡಿಯ ನಂಬರು, ಓಡಿದ ಕಿಲೋಮೀಟರ್ ಬರೆಸಿ ಸಹಿ ಹಾಕಿಸಿಕೊಳ್ಳಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. 66ನೇ ಕಲಮಿನಂತೆ ಆ ಭಾಗದಲ್ಲಿ ಅಂಥ ವಾಹನಕ್ಕೆ ಚಾಲ್ತಿಯಲ್ಲಿರುವ ಬಾಡಿಗೆ ದರದ ಆಧಾರದ ಮೇಲೆ ನಿಮಗೆ ಹಣ ಸಲ್ಲಬೇಕು. ನಿಗದಿಪಡಿಸಿದ ಮೊತ್ತ ಕಡಿಮೆ ಎನಿಸಿದರೆ ನಿಗದಿತ ಅವಧಿಯೊಳಗೆ ಅರ್ಜಿ ಕೊಟ್ಟು ವಿಷಯವನ್ನು ಮಧ್ಯಸ್ಥಗಾರರಿಗೆ ಒಪ್ಪಿಸುವಂತೆ ಕೇಳಬಹುದು. ಈ ಗಡುವನ್ನು ಜನ ಕಳೆದುಕೊಳ್ಳುವುದೇ ಹೆಚ್ಚು, ಏಕೆಂದರೆ ಆಗ ಅವರು ಪರಿಹಾರ ಕೇಂದ್ರದಲ್ಲಿ ಊಟದ ಸರದಿಯಲ್ಲಿ ನಿಂತಿರುತ್ತಾರೆ.

ದನ ಮತ್ತು ಹಾಲಿನ ವಿಚಾರ ಇನ್ನಷ್ಟು ಸೂಕ್ಷ್ಮವಾದದ್ದು. ಅಯೋಡಿನ್-131 ಹುಲ್ಲಿನ ಮೇಲೆ ಕುಳಿತು, ಮೇಯ್ದ ಹಸುವಿನ ಮೂಲಕ ಹಾಲಿಗೆ ಬಂದು, ಹಾಲು ಕುಡಿದ ಮಗುವಿನ ಥೈರಾಯ್ಡನ್ನು ಸೇರುವುದಕ್ಕೆ ಕೆಲವೇ ದಿನ ಸಾಕು. 1957ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಿಸಿದರು ಮತ್ತು ರೈತರಿಗೆ ಅದರ ಬೆಲೆ ಕೊಟ್ಟರು. 1986ರಲ್ಲಿ ಸ್ಫೋಟಗೊಂಡ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರದ ಸುತ್ತ ಹಾಲನ್ನು ಸಕಾಲದಲ್ಲಿ ತಡೆಯಲಿಲ್ಲ. ಅಲ್ಲಿ ಮಕ್ಕಳಾಗಿದ್ದ ಸಾವಿರಾರು ಮಂದಿಗೆ ಮುಂದೆ ಬಂದ ಥೈರಾಯ್ಡ್ ಕ್ಯಾನ್ಸರಿನಲ್ಲಿ ಆ ಹಾಲಿನ ಪಾಲು ದೊಡ್ಡದು. ಹಾಲು ಚೆಲ್ಲಿಸುವ ಆದೇಶ ಬಂದರೆ ದಯವಿಟ್ಟು ಹಿಂದೆ ಮುಂದೆ ನೋಡದೆ ಪಾಲಿಸಿ, ಮನೆಯ ಮಕ್ಕಳಿಗೆ ಆ ಹಾಲನ್ನು ಕಾಯಿಸಿಯೂ ಕೊಡಬೇಡಿ, ಕಾಯಿಸಿದರೆ ವಿಕಿರಣ ಹೋಗುವುದಿಲ್ಲ. ಅಯೋಡಿನ್-131ರ ಬಲ ಪ್ರತಿ ಎಂಟು ದಿನಕ್ಕೆ ಅರ್ಧವಾಗುತ್ತದೆ. ಸೂಚನೆ ಬಂದ ಕೂಡಲೇ ದನಗಳನ್ನು ಕೊಟ್ಟಿಗೆಗೆ ಕಟ್ಟಿ, ಮೊದಲೇ ಒಳಗಿಟ್ಟಿದ್ದ ಒಣಹುಲ್ಲು ಮತ್ತು ಮುಚ್ಚಿದ ನೀರನ್ನು ಕೊಟ್ಟರೆ ಹಾಲಿಗೆ ಬರುವ ಪ್ರಮಾಣ ಬಹಳಷ್ಟು ತಗ್ಗುತ್ತದೆ. ಬಣವೆಗೆ ಟಾರ್ಪಾಲು ಹೊದಿಸುವುದು, ಬಾವಿಯ ಬಾಯಿ ಮುಚ್ಚುವುದು ಅಂದಿನ ಮೊದಲ ಅರ್ಧ ಗಂಟೆಯ ಕೆಲಸ.

ಹಾಲಿನ ಮಾರಾಟ ನಿಷೇಧಿಸುವ ಅಧಿಕಾರ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲೂ ಇದೆ. ಅದರ 30ನೇ ಕಲಮಿನಂತೆ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಸಾರ್ವಜನಿಕ ಆರೋಗ್ಯದ ಹಿತದಲ್ಲಿ ಯಾವುದೇ ಆಹಾರವನ್ನು ಗರಿಷ್ಠ ಒಂದು ವರ್ಷದವರೆಗೆ ನಿಷೇಧಿಸಬಹುದು. ಆದರೆ ಆ ಕಾಯ್ದೆ ರೈತನ ಹೊಲ ಕೊಟ್ಟಿಗೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಡೇರಿಯ ಬಾಗಿಲಲ್ಲಿ ನಿಮ್ಮ ಹಾಲು ನಿಲ್ಲುವುದು ಒಂದು ಕಾನೂನಿನಿಂದ, ಕೊಟ್ಟಿಗೆಯಲ್ಲಿ ಚೆಲ್ಲುವುದು ಇನ್ನೊಂದು ಕಾನೂನಿನಿಂದ. ಪರಿಹಾರ ಕೇಳುವ ದಿನ ಈ ಭೇದ ತಲೆನೋವಾಗಬಾರದೆಂದರೆ ದಿನವೂ ಚೆಲ್ಲಿದ ಹಾಲಿನ ಲೆಕ್ಕವನ್ನು ಡೇರಿಯ ಪುಸ್ತಕದಲ್ಲೇ ಬರೆಸಬೇಕು.

ಊರು ಬಿಡಬೇಕಾದರೆ ದನಗಳ ಗತಿ ಏನು? ಮೇಲೆ ಹೇಳಿದ ಕಲಮುಗಳಲ್ಲಿ ಅವುಗಳ ಹೆಸರಿಲ್ಲ. ಫುಕುಶಿಮಾದಲ್ಲಿ ಜನ ಎರಡು ದಿನದಲ್ಲಿ ವಾಪಸು ಬರುತ್ತೇವೆಂದು ದನಗಳನ್ನು ಕಟ್ಟಿದಲ್ಲೇ ಬಿಟ್ಟು ಹೋದರು, ಎಷ್ಟೋ ದನಗಳು ಹಗ್ಗದಲ್ಲೇ ಹಸಿದು ಸತ್ತವು. ಉಳಿದವನ್ನು ಮಾಲೀಕರ ಒಪ್ಪಿಗೆ ಪಡೆದು ಕೊಲ್ಲುವಂತೆ ಸರ್ಕಾರ ಮೇ ತಿಂಗಳಲ್ಲಿ ಸೂಚಿಸಿತು. ಕೆಲವು ರೈತರು ಒಪ್ಪಲಿಲ್ಲ, ಮಾರಲಾಗದ ಆ ದನಗಳನ್ನು ವರ್ಷಗಟ್ಟಲೆ ಸಾಕಿದರು. ನಿಮ್ಮ ಜಿಲ್ಲೆಯ ಯೋಜನೆಯಲ್ಲಿ ದನಗಳಿಗೆ ಯಾವ ಏರ್ಪಾಡು ಇದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ ಮತ್ತು ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿಯ ಜೊತೆಗೆ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರಿಗೂ ಸಹ-ಅಧ್ಯಕ್ಷರ ಸ್ಥಾನವನ್ನು ಕಾಯ್ದೆ ಕೊಟ್ಟಿರುವುದು ಇಂಥ ಪ್ರಶ್ನೆಗಳು ಮೇಲಕ್ಕೆ ತಲುಪಲಿ ಎಂದೇ.

ವಾಪಸು ಯಾವಾಗ ಎಂಬುದು ನಿಮ್ಮ ಪ್ರಶ್ನೆಗಳಲ್ಲೆಲ್ಲ ಕಠಿಣವಾದದ್ದು. ಚೆರ್ನೋಬಿಲ್ ಪಕ್ಕದ ಪ್ರಿಪ್ಯಾತ್ ನಗರದ ಸುಮಾರು 49,000 ಜನರನ್ನು 1986ರ ಏಪ್ರಿಲ್ 27ರಂದು ಬಸ್ಸು ಹತ್ತಿಸುವಾಗ ಮೂರು ದಿನದ ಮಟ್ಟಿಗೆ ಎಂದು ಹೇಳಿದ್ದರು. ಆ ನಗರ ಇವತ್ತಿಗೂ ಖಾಲಿ. ಜಪಾನಿನಲ್ಲಿ 2011ರ ಏಪ್ರಿಲ್ 22ರಂದು 20 ಕಿಲೋಮೀಟರ್ ಒಳಗಿನ ಪ್ರದೇಶಕ್ಕೆ ಕಾನೂನುಬದ್ಧ ಪ್ರವೇಶ ನಿಷೇಧ ಬಂತು. ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಗೆರೆ ಎಳೆದು, ವಲಯಗಳನ್ನು ಒಂದೊಂದಾಗಿ ತೆರೆಯತೊಡಗಿದ್ದು 2014ರ ಏಪ್ರಿಲ್‌ನಿಂದ. ಫುತಾಬಾ ಪಟ್ಟಣದ ಒಂದು ಭಾಗಕ್ಕೆ ಜನ ಮರಳಿ ನೆಲೆಸಲು ಅನುಮತಿ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ. ಚೆರ್ನೋಬಿಲ್‌ನ ಮಳೆ ಬಿದ್ದ ಬ್ರಿಟನ್ನಿನ ಬೆಟ್ಟಗಳಲ್ಲಿ ಕುರಿ ಮಾರಾಟದ ಮೇಲಿನ ನಿರ್ಬಂಧ ಪೂರ್ತಿಯಾಗಿ ತೆರವಾದದ್ದು 2012ರಲ್ಲಿ, 26 ವರ್ಷಗಳ ನಂತರ. ಇಂಥ ಸೋರಿಕೆಯಲ್ಲಿರುವ ಇನ್ನೊಂದು ವಿಕಿರಣಶೀಲ ವಸ್ತು ಸೀಸಿಯಂ-137ರ ಬಲ ಅರ್ಧವಾಗಲು 30 ವರ್ಷ ಬೇಕು. ಸೋರಿದ್ದು ಅಯೋಡಿನ್ ಮಾತ್ರವಾದರೆ ವಾರಗಳ ಮಾತು, ಸೀಸಿಯಂ ಹೆಚ್ಚಿದ್ದರೆ ವರ್ಷಗಳ ಮಾತು. ಈ ವ್ಯತ್ಯಾಸವನ್ನು ಮೊದಲ ವಾರದಲ್ಲೇ ಜನರಿಗೆ ಬಿಡಿಸಿ ಹೇಳಬೇಕು. ‘ಮೂರು ದಿನ’ ಎಂಬ ಸಮಾಧಾನದ ಸುಳ್ಳಿನಿಂದ ಆದ ಹಾನಿ ಸಣ್ಣದಲ್ಲ.

ನಮ್ಮ ಕಾನೂನಿನಲ್ಲಿ 163ನೇ ಕಲಮಿನ ಆದೇಶಕ್ಕೆ ಎರಡು ತಿಂಗಳ ಮಿತಿ ಇದೆ, ರಾಜ್ಯ ಸರ್ಕಾರ ಅದನ್ನು ಇನ್ನೂ ಆರು ತಿಂಗಳವರೆಗೆ ವಿಸ್ತರಿಸಬಹುದು. ವಿಪತ್ತು ಕಾಯ್ದೆಯ 34ನೇ ಕಲಮಿಗೆ ಅಂಥ ಅವಧಿಯ ಮಿತಿಯಿಲ್ಲ. ಕೆಲವು ದಿನಗಳ ಪ್ರವಾಹವನ್ನು ಕಣ್ಣಮುಂದಿಟ್ಟುಕೊಂಡು ಬರೆದ ಕಲಂ ಅದು. ವರ್ಷಗಳ ಕಾಲ ಊರಿನಿಂದ ಹೊರಗಿಡಬೇಕಾದ ಸ್ಥಿತಿಗೆ ಅದು ಸಾಲದು. ಅಳತೆಯ ಅಂಕಿಗಳನ್ನು ನಿಯತವಾಗಿ ಪ್ರಕಟಿಸಿ, ಇಂತಿಷ್ಟು ತಿಂಗಳಿಗೊಮ್ಮೆ ಆದೇಶವನ್ನು ಮರುಪರಿಶೀಲಿಸಬೇಕೆಂಬ ಕಡ್ಡಾಯ ನಿಯಮ ಬೇಕು ಎಂದು ನಾನು ತರಬೇತಿ ಸಭೆಗಳಲ್ಲಿ ವಾದಿಸುತ್ತ ಬಂದಿದ್ದೇನೆ. ಅಲ್ಲಿಯವರೆಗೆ ಉಳಿದಿರುವ ದಾರಿ ಉಚ್ಚ ನ್ಯಾಯಾಲಯದ್ದು. ಈ ಕಾಯ್ದೆಯ ಅಡಿಯ ಕ್ರಮಗಳನ್ನು ಕೆಳಗಿನ ನ್ಯಾಯಾಲಯಗಳಲ್ಲಿ ಪ್ರಶ್ನಿಸುವಂತಿಲ್ಲ ಎಂದು 71ನೇ ಕಲಂ ಹೇಳುತ್ತದೆ, ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಬಾಗಿಲು ಮಾತ್ರ ತೆರೆದಿರುತ್ತದೆ. ನಿಮಗೆ ಅದು ಧಾರವಾಡ ಪೀಠ.

ಒಂದು ಎಚ್ಚರಿಕೆ: ಅಂಥ ಹೊತ್ತಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವುದನ್ನೆಲ್ಲ ಮುಂದಕ್ಕೆ ಕಳುಹಿಸಬೇಡಿ. ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆಯನ್ನು ಹಬ್ಬಿಸಿದವರಿಗೆ ವಿಪತ್ತು ಕಾಯ್ದೆಯ 54ನೇ ಕಲಮಿನಂತೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ಈ ಕಲಂ ಇರುವುದು ಸುಳ್ಳಿಗೆ, ಪ್ರಶ್ನೆಗೆ ಅಲ್ಲ. ವಿಕಿರಣದ ಮಟ್ಟ ಎಷ್ಟಿದೆ ಎಂದು ಕೇಳುವವರ ಮೇಲೆ ಅದನ್ನು ಬಳಸುವುದು ಅಧಿಕಾರದ ದುರುಪಯೋಗವಾಗುತ್ತದೆ.

ಈಗ ಮಾಡಿಟ್ಟುಕೊಳ್ಳಬಹುದಾದದ್ದು ಇಷ್ಟು. ತಾಯಿಯವರು ಹಾಸಿಗೆ ಹಿಡಿದಿದ್ದಾರೆ, ಮಲಗಿಸಿಯೇ ಸಾಗಿಸಬೇಕು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಒಂದು ಹಾಳೆಯಲ್ಲಿ ಬರೆಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ, ಇನ್ನೊಂದನ್ನು ತಹಶೀಲ್ದಾರರ ಕಚೇರಿಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ನೋಡಿ. ಟೆಂಪೊದ ಕಳೆದ ಆರು ತಿಂಗಳ ಬಾಡಿಗೆ ರಸೀದಿಗಳು, ಡೇರಿಯ ಪುಸ್ತಕ, ದನಗಳ ಕಿವಿಯ ಓಲೆಯ ಸಂಖ್ಯೆ, ತಾಯಿಯವರ ಔಷಧದ ಚೀಟಿ ಇವಿಷ್ಟನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ.